ಸೋಲಲೇಬೇಕಾಗಿದ್ದ ಭಾನುವಾರ

ನಮ್ಮ ಆಲ್ಡರ್‌ಫೋರ್ಡಿನ ಗಂಡಸರಿಗೆ ಚಳಿಗಾಲವಿಡೀ ಒಂದೇ ಮಾತು. ಐಸ್ ಹಾಕಿ ಲೀಗಿನಲ್ಲಿ ಪಶ್ಚಿಮ ವಿಭಾಗ ಗಟ್ಟಿಯೋ, ಪೂರ್ವ ವಿಭಾಗ ಗಟ್ಟಿಯೋ? ಅದನ್ನು ಚರ್ಚೆ ಅನ್ನುವುದೂ ತಪ್ಪು, ಯಾಕೆಂದರೆ ಎದುರು ಪಕ್ಷವೇ ಇರಲಿಲ್ಲ. ನಾವು ಪಶ್ಚಿಮದವರು, ಆದ್ದರಿಂದ ಪಶ್ಚಿಮವೇ ಗಟ್ಟಿ. ದಿನಾ ಬೆಳಿಗ್ಗೆ ಒಂಬತ್ತಕ್ಕೆ ಸಹಕಾರಿ ಅಂಗಡಿಯ ಕಾಫಿ ಮೇಜಿಗೆ ಕೂತು ಹತ್ತೂವರೆಯವರೆಗೆ ಅದನ್ನೇ ಒಬ್ಬರಿಗೊಬ್ಬರು ಒಪ್ಪಿಸುತ್ತಿದ್ದರು. ಓರೆಸ್ಟ್ ಹ್ನಾಟಿವ್ ಅನ್ನುವ ನಿವೃತ್ತ ಮೆಕ್ಯಾನಿಕ್ ಎರಡು ವಿಭಾಗಗಳ ನಡುವಿನ ಪ್ರತಿ ಪಂದ್ಯವನ್ನೂ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಟ್ಟಿದ್ದ.

"ಮೂವತ್ತೆಂಟರಲ್ಲಿ ಇಪ್ಪತ್ತೊಂಬತ್ತು ನಮ್ಮ ಕಡೆಯವ್ರೇ ಗೆದ್ದಿರೋದು ಕಣ್ರಯ್ಯಾ," ಅನ್ನುತ್ತಿದ್ದ. "ಅವ್ರಲ್ಲಿ ಮೊದಲ್ನೇ ಸ್ಥಾನದಲ್ಲಿರೋ ಎಲ್ಮ್‌ಹರ್ಸ್ಟ್‌ನೋರು ಇಲ್ಲಿಗ್ ಬಂದ್ರೆ ಆರನೇವ್ರು!"

ನನ್ನ ಹೆಸರು ವಿಲ್ಮಾ. ಇಪ್ಪತ್ತಾರು ವರ್ಷ ಸ್ಕೂಲ್ ಬಸ್ ಓಡಿಸಿದವಳು. ನನ್ನ ಗಂಡ ಎಲ್ಡನ್, ಊರೇ ಒಡೆಯನಾಗಿರುವ ಬ್ಯಾಜರ್ಸ್ ಎಂಬ ನಮ್ಮ ಜೂನಿಯರ್ ಐಸ್ ಹಾಕಿ ಕ್ಲಬ್ಬಿನ ಆಡಳಿತ ಸಮಿತಿಯ ಏಳು ಜನರಲ್ಲಿ ಒಬ್ಬ. ತಂಡದ ಹುಡುಗರೆಲ್ಲ ಹದಿನಾರರಿಂದ ಇಪ್ಪತ್ತರವರು, ಎಲ್ಲಿಂದಲೋ ಬಂದು ಊರಿನವರ ಮನೆಗಳಲ್ಲಿ ಉಳಿಯುತ್ತಾರೆ. ನಮ್ಮ ಪಾಲಿಗೆ ಬಂದವನು ಗೋಲಿ, ಅಂದರೆ ಗೋಲು ಕಾಯುವವನು, ಕೋಲ್ಬಿ ಸ್ಯಾಂಡರ್ಸನ್. ನಾಲ್ಕು ಚಳಿಗಾಲ ನಮ್ಮ ಮನೆಯ ಕೆಳಗಿನ ಕೋಣೆಯಲ್ಲಿ ಮಲಗಿ, ನನ್ನ ಕೈಯ ಪೆರೋಗಿ ಕಡುಬು ಒಂದೇ ಸಲಕ್ಕೆ ಎರಡು ಡಜನ್ ತಿಂದು, ಎಲ್ಡನ್ ಜೊತೆ ಹಿಮ ಗೋರಿ ಬೆಳೆದ. ಈ ವರ್ಷ ಅವನಿಗೆ ಇಪ್ಪತ್ತು ತುಂಬಿತ್ತು. ಇಪ್ಪತ್ತಾದ ಮೇಲೆ ಜೂನಿಯರ್ ಹಾಕಿ ಮುಗಿಯಿತು, ಮನೆಗೆ ನಡಿ.

ಅವನ ತಾಯಿ ಲೊರೇಟಾ ಉತ್ತರದಲ್ಲಿ, ಒಂಬತ್ತು ಗಂಟೆಯ ದಾರಿಯಾಚೆ, ವೃದ್ಧರ ಆರೈಕೆ ಮನೆಯೊಂದರಲ್ಲಿ ಕೆಲಸ ಮಾಡುತ್ತಾಳೆ. ಕೋಲ್ಬಿಯ ಕೆಳಗೆ ಇನ್ನಿಬ್ಬರು ಮಕ್ಕಳು, ಮನೆಯಲ್ಲಿ ಗಂಡು ದಿಕ್ಕಿಲ್ಲ. ನಾಲ್ಕು ವರ್ಷದಲ್ಲಿ ಮಗ ಗೋಲಿನ ಮುಂದೆ ನಿಂತಿದ್ದನ್ನು ಆಕೆ ಒಮ್ಮೆಯೂ ಎದುರಿಗೆ ಕಂಡಿರಲಿಲ್ಲ. ಫೋನಿನ ಅಂಗೈಯಗಲದ ಪರದೆಯಲ್ಲಿ ನೋಡಿದ್ದಷ್ಟೇ.

ನಮ್ಮಲ್ಲಿ ಒಂದು ಪದ್ಧತಿ ಇದೆ. ಊರಿನಲ್ಲಿ ನಡೆಯುವ ಕೊನೆಯ ಲೀಗ್ ಪಂದ್ಯಕ್ಕೆ ಮೊದಲು, ಇಪ್ಪತ್ತು ತುಂಬಿದ ಹುಡುಗರನ್ನು ಅವರ ಹೆತ್ತವರೊಡನೆ ರಿಂಕ್ ಎನ್ನುವ ಆಟದಂಗಳದ ಮಂಜುಗಡ್ಡೆಯ ಮೇಲೆ ಕರೆದು, ಹೂವು ಕೊಟ್ಟು ಕಳಿಸಿಕೊಡುತ್ತೇವೆ. ಇಡೀ ರಿಂಕ್ ಎದ್ದು ನಿಂತು ಚಪ್ಪಾಳೆ ತಟ್ಟುತ್ತದೆ. ಆ ಪಂದ್ಯ ಮಾರ್ಚ್‌ನ ಒಂದು ಭಾನುವಾರ ಮಧ್ಯಾಹ್ನ ಎರಡಕ್ಕೆ ಇತ್ತು. ಬುಧವಾರ ಲೊರೇಟಾ ಫೋನ್ ಮಾಡಿದಳು. ನನ್ನ ಕೈ ಹಿಟ್ಟಿನಲ್ಲಿತ್ತು, ಎಲ್ಡನ್ ಎತ್ತಿ ಸ್ಪೀಕರಿಗೆ ಹಾಕಿದ.

"ಎಲ್ಡನ್ ಅವ್ರೇ, ನನಗೆ ಸಿಗೋದು ಒಂದೇ ಸಲದ ರಜ. ಭಾನುವಾರ ಅವನು ಆಡ್ತಾನೆ ಅಲ್ವಾ? ಇಲ್ಲಾಂದ್ರೆ ಹೇಳ್ಬಿಡಿ, ಲೀಗ್ ಮುಗಿದ್ಮೇಲಿನ ಪ್ಲೇಆಫ್ ಪಂದ್ಯಕ್ಕೇ ಬರ್ತೀನಿ."

"ಆಡ್ದೆ ಏನಮ್ಮ! ಗೋಲಲ್ಲಿ ಅವನೇ ನಿಲ್ಲೋದು. ಬನ್ನಿ ಬನ್ನಿ, ವಿಲ್ಮಾ ಹಾಸಿಗೆ ಹಾಕಿಟ್ಟಿರ್ತಾಳೆ," ಎಂದ ನನ್ನ ಗಂಡ.

ಶನಿವಾರ ಲೊರೇಟಾ ಬಂದಿಳಿದಳು. ಚಿಕ್ಕ ಆಳು, ದೊಡ್ಡ ನಗು. ಬೆಳಿಗ್ಗೆ ಕೂದಲು ಸುರುಳಿ ಮಾಡಿಸಿಕೊಂಡು ಬರೋಣವೇ ಎಂದು ನನ್ನನ್ನು ಕೇಳಿದಳು. ಮಾಡಿಸಿದೆವು. ಭಾನುವಾರ ಮಧ್ಯಾಹ್ನ ಮಗನ ತೋಳು ಹಿಡಿದು ಮಂಜುಗಡ್ಡೆಗೆ ಹಾಸಿದ ಕೆಂಪು ಜಮಖಾನೆಯ ಮೇಲೆ ನಡೆದಳು. ಕೋಲ್ಬಿ ಪೂರ್ತಿ ಗೋಲಿ ವೇಷದಲ್ಲಿದ್ದ, ಆಕೆ ಅವನ ಎದೆಯವರೆಗೂ ಬರುತ್ತಿರಲಿಲ್ಲ. ನಾನು ಅತ್ತೆ. ನನ್ನ ಪಕ್ಕದಲ್ಲಿ ಎಲ್ಡನ್ ತನ್ನ ಬೂಟನ್ನೇ ನೋಡುತ್ತಿದ್ದ.

ಆಮೇಲೆ ಜಮಖಾನೆ ಸುತ್ತಿದರು, ಆಟ ಶುರುವಾಯಿತು. ಗೋಲಿನಲ್ಲಿ ನಿಂತವನು ಹದಿನಾರು ವರ್ಷದ ಮೀಸಲು ಗೋಲಿ. ಕೋಲ್ಬಿ ತಲೆಗೊಂದು ಟೋಪಿ ಹಾಕಿಕೊಂಡು ಬೆಂಚಿನ ತುದಿಯಲ್ಲಿ ಕೂತು, ಆಟಗಾರರು ಒಳಹೊರಗೆ ಹೋಗುವ ಪುಟ್ಟ ಬಾಗಿಲು ತೆರೆಯುತ್ತ ಮುಚ್ಚುತ್ತ ಇದ್ದ.

"ಸ್ವಲ್ಪ ಹೊತ್ತಾದ್ಮೇಲೆ ಇಳಿಸ್ತಾರೇನೋ ಅಲ್ವಾ?" ಎಂದಳು ಲೊರೇಟಾ.

"ಹೂಂ, ಇಳಿಸ್ತಾರೆ," ಎಂದೆ. ನನಗೇನು ಗೊತ್ತು?

ಇಳಿಸಲಿಲ್ಲ. ನಮ್ಮ ಮುಖ್ಯ ಆಟಗಾರರು ನಾಲ್ವರಿಗೆ ಜ್ವರವಂತೆ, ಬಂದೇ ಇರಲಿಲ್ಲ. ಪಟ್ಟಿಯಲ್ಲಿ ತೀರಾ ಕೆಳಗಿದ್ದ ತಂಡದ ಕೈಯಲ್ಲಿ ಏಳು ಗೋಲು ತಿಂದೆವು, ಹೊಡೆದದ್ದು ಎರಡು. ಪಾಪ, ಆ ಮೀಸಲು ಹುಡುಗನ ಕಣ್ಣಲ್ಲಿ ನೀರು. ಜನ ಮೊದಲು ಕೂಗಿದರು, ಆಮೇಲೆ ಸುಮ್ಮನಾದರು, ಕೊನೆಗೆ ಒಬ್ಬೊಬ್ಬರಾಗಿ ಎದ್ದು ಹೋದರು. ಲೊರೇಟಾ ಮಾತ್ರ ಕೊನೆಯ ನಿಮಿಷದವರೆಗೂ ಹೂವನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದಳು. ನಾಲ್ಕೂವರೆಗೆ ರಿಂಕ್ ಬಾಗಿಲಲ್ಲೇ ಮಗನನ್ನು ತಬ್ಬಿ, ಒಂಬತ್ತು ಗಂಟೆಯ ದಾರಿ ಹಿಡಿದಳು. ಸೋಮವಾರ ಅವಳಿಗೆ ಕೆಲಸವಿತ್ತು.

ನಿಜ ಹೊರಬಿದ್ದದ್ದು ಮರುದಿನ ಬೆಳಿಗ್ಗೆ ಕಾಫಿ ಮೇಜಿನಲ್ಲಿ. ಹಾಲು ತರಲು ಹೋಗಿದ್ದೆ. ಓರೆಸ್ಟ್ ಖುಷಿಯಲ್ಲಿ ಮೇಜು ಗುದ್ದುತ್ತಿದ್ದ.

"ವಿಲ್ಮಾ, ಬಾರೇ ಇಲ್ಲಿ! ನಿನ್ ಗಂಡ ಎಂಥಾ ತಲೆ ಓಡ್ಸಿದಾನೆ ನೋಡು. ನಿನ್ನೆ ಗೆದ್ದಿದ್ರೆ ನಾವು ನಾಲ್ಕನೇವ್ರು, ಪ್ಲೇಆಫ್‌ನಲ್ಲಿ ನಮ್ಮ ಪಶ್ಚಿಮದ ಮೊದಲ್ನೇವ್ರ ಕೈಲೇ ಚಚ್ಚಿಸ್ಕೋಬೇಕಿತ್ತು. ಸೋತು ಐದನೇವ್ರಾದ್ವಿ. ಐದನೇವ್ರು ಪೂರ್ವಕ್ಕೆ ದಾಟ್ಕೊಂಡು ಆಡ್ಬೇಕು, ಲೀಗ್ ನಿಯಮಾನೇ ಹಾಗಿದೆ. ಮೆತ್ತಗಿನ ಎಲ್ಮ್‌ಹರ್ಸ್ಟ್ ಸಿಕ್ತಲ್ಲ! ಮಂಗಳವಾರಾನೇ ಸಮಿತೀಲಿ ಏಳಕ್ಕೆ ಏಳೂ ಕೈ ಎದ್ದಿತ್ತಂತೆ."

"ಮಂಗಳವಾರಾನಾ?"

"ಹೂಂ ಕಣೇ. ಯಾಕೆ, ಎಲ್ಡನ್ ಹೇಳ್ಲಿಲ್ವಾ?"

ಮಂಗಳವಾರ ಕೈ ಎತ್ತಿ ಬಂದವನು ಬುಧವಾರ ನನ್ನ ಅಡುಗೆಮನೆಯಲ್ಲೇ ನಿಂತು ಆ ಹೆಂಗಸಿಗೆ ಬಾ ಎಂದಿದ್ದ. ಹಾಲು ಅಲ್ಲೇ ಬಿಟ್ಟು ಮನೆಗೆ ಬಂದೆ.

"ಬೇಡ ಅಂತ ಒಂದು ಮಾತು ಹೇಳೋಕಾಗ್ಲಿಲ್ವಾ ನಿನಗೆ? ಮುಂದಿನ ವಾರ ಬನ್ನಿ ಅಂದಿದ್ರೆ ಸಾಕಿತ್ತು."

"ಹೆಂಗೆ ಹೇಳ್ಲಿ ವಿಲ್ಮಾ? ಅವಳಿಗೆ ಹೇಳಿದ್ರೆ ಮಗನಿಗೆ ಗೊತ್ತಾಗ್ತಿತ್ತು, ಮಗನಿಂದ ಇಡೀ ತಂಡಕ್ಕೆ. ಬೇಕಂತ ಸೋಲ್ತಾರೆ ಅಂತ ಆಟಕ್ಕೆ ಮೊದ್ಲೇ ಲೀಗ್‌ಗೆ ಸುದ್ದಿ ಹೋಗಿದ್ರೆ ಕ್ಲಬ್ಬೇ ಮುಚ್ಕೋತಿತ್ತು. ತಂಡದ ಒಳ್ಳೇದಕ್ಕೇ ಮಾಡಿದ್ದು."

"ನನಗೆ?"

"ನಿನಗೆ ಹೇಳಿದ್ರೆ ನೀನು ಸುಮ್ನಿರ್ತಿದ್ಯಾ?"

ಇರುತ್ತಿರಲಿಲ್ಲ, ಅದೇನೋ ನಿಜ. ಮೂವತ್ತನಾಲ್ಕು ವರ್ಷದ ಸಂಸಾರದಲ್ಲಿ ನನ್ನನ್ನು ಅಷ್ಟು ಚೆನ್ನಾಗಿ ತಿಳಿದುಕೊಂಡಿದ್ದ, ಆ ತಿಳುವಳಿಕೆಯನ್ನು ಹೀಗೆ ಬಳಸಿಕೊಂಡಿದ್ದ.

ಮೆತ್ತಗಿನ ಎಲ್ಮ್‌ಹರ್ಸ್ಟ್‌ನವರು ನಮ್ಮನ್ನು ನಾಲ್ಕಕ್ಕೆ ನಾಲ್ಕೂ ಪಂದ್ಯದಲ್ಲಿ ಮಣ್ಣು ಮುಕ್ಕಿಸಿ ಪ್ಲೇಆಫ್‌ನಿಂದ ಹೊರಹಾಕಿದರು. ಮೊದಲೆರಡು ಅವರ ಊರಲ್ಲಿ, ಇನ್ನೆರಡು ನಮ್ಮ ಕಣ್ಣೆದುರಿಗೇ. ಕೋಲ್ಬಿ ಕೊನೆಯ ಪಂದ್ಯದಲ್ಲಿ ನಲವತ್ತಾರು ಹೊಡೆತ ತಡೆದ. ಲೊರೇಟಾ ಅದನ್ನೂ ಫೋನಿನಲ್ಲೇ ನೋಡಿದಳು, ರಜ ಮುಗಿದಿತ್ತು. ಮರುದಿನ ಕಾಫಿ ಮೇಜಿಗೆ ನಾನೂ ಹೋಗಿ ಕುರ್ಚಿ ಎಳೆದುಕೊಂಡು ಕೂತೆ.

"ಲೆಕ್ಕ ಎಲ್ಲಿ ತಪ್ಪಿತು ಅಂತಾನೇ ಗೊತ್ತಾಗ್ತಿಲ್ಲ," ಎಂದು ಓರೆಸ್ಟ್ ನೋಟ್‌ಬುಕ್ ತಿರುವುತ್ತಿದ್ದ.

"ನಾನು ಹೇಳ್ಲಾ? ನಿಮ್ಮ ಮೂವತ್ತೆಂಟು ಪಂದ್ಯಾನೂ ನಡೆದಿದ್ದು ನಮ್ಮ ಕಡೆ ಊರುಗಳಲ್ಲೇ. ಪೂರ್ವದೋರು ಇಲ್ಲಿಗೆ ಬರೋದು ವರ್ಷಕ್ಕೊಂದೇ ಸಲ, ಐದು ದಿನದಲ್ಲಿ ನಾಲ್ಕು ಊರು ಸುತ್ಕೊಂಡು. ಹನ್ನೆರಡು ಗಂಟೆ ಬಸ್ಸಲ್ಲಿ ಕೂತು ಇಳಿದೋರ ಕಾಲು ಹೆಂಗಿರತ್ತೆ ಅಂತ ಬಸ್ ಓಡಿಸಿದೋಳಿಗೆ ಗೊತ್ತು. ನೀವು ಬರ್ಕೊಂಡಿದ್ದು ಅವ್ರ ಆಟ ಅಲ್ಲ ಕಣ್ರೋ, ಅವ್ರ ಸುಸ್ತು."

"ಮೊದಲೇ ಹೇಳ್ಬಾರ್ದಿತ್ತಾ?"

"ಮೊದಲು ಯಾರಾದ್ರೂ ನನ್ನ ಕೇಳಿದ್ರಾ?"

ಓರೆಸ್ಟ್ ನೋಟ್‌ಬುಕ್ ಮುಚ್ಚಿಟ್ಟ. ಅವರ ಮುಖ ಕಂಡು ನನಗೆ ಸಮಾಧಾನವಾಗುತ್ತದೆ ಅಂದುಕೊಂಡಿದ್ದೆ. ಆಗಲಿಲ್ಲ.

ಶುಕ್ರವಾರ ಬೆಳಿಗ್ಗೆ ಕೋಲ್ಬಿ ಗಂಟುಮೂಟೆ ಕಟ್ಟಿ ಕಾರಿಗೆ ತುಂಬಿ, ತಿಂಡಿಗೆಂದು ಒಳಗೆ ಬಂದ. ತಟ್ಟೆ ಮುಂದಿಟ್ಟೆ. ಅವನು ಫೋರ್ಕ್ ಎತ್ತಲಿಲ್ಲ.

"ಒಂದು ಕೇಳ್ತೀನಿ, ಬೇಜಾರ್ ಮಾಡ್ಕೋಬೇಡಿ. ಆ ಭಾನುವಾರ ಸೋಲ್ಬೇಕು ಅಂತ ಸಮಿತಿಯೋರು ಮೊದಲೇ ಮಾತಾಡ್ಕೊಂಡಿದ್ರಂತೆ. ಎಲ್ಡನ್, ನಿಮಗೂ ಗೊತ್ತಿತ್ತಾ?"

ಎಲ್ಡನ್ ಸ್ಟೌ ಹತ್ತಿರ ಕಾಫಿ ಬಗ್ಗಿಸುತ್ತಿದ್ದ. ಈಗಲಾದರೂ ಹೇಳಿಬಿಡು, ಈ ಹುಡುಗ ಕ್ಷಮಿಸುವ ಜಾತಿಯವನು, ಹೇಳಿಬಿಡು ಎಂದು ಮನಸ್ಸಿನಲ್ಲೇ ಬೇಡಿಕೊಂಡೆ.

"ನಾನು ಆ ಮೀಟಿಂಗ್‌ಗೆ ಹೋಗಿರ್ಲಿಲ್ಲ ಕಣೋ," ಎಂದ ಎಲ್ಡನ್. "ಮಂಡಿ ನೋವಿತ್ತು, ಮನೇಲೇ ಇದ್ದೆ. ಬೇಕಾದ್ರೆ ವಿಲ್ಮಾನ ಕೇಳು."

ಕೋಲ್ಬಿ ನನ್ನ ಕಡೆ ತಿರುಗಿದ. ಅಪ್ಪನಿಲ್ಲದ ಹುಡುಗ ಅವನು. ಕಾರು ಓಡಿಸುವುದನ್ನು, ಗಡ್ಡ ಹೆರೆಯುವುದನ್ನು ಕಲಿತದ್ದು ನನ್ನ ಗಂಡನಿಂದ. ಅದೆಲ್ಲ ಆ ನೋಟದಲ್ಲಿತ್ತು.

"ಹೂಂ," ಎಂದೆ. "ಮನೇಲೇ ಇದ್ದ."

"ನನಗೆ ಗೊತ್ತಿತ್ತು! ಅಮ್ಮಂಗೂ ಅದನ್ನೇ ಹೇಳ್ದೆ, ಎಲ್ಡನ್ ಅಂಥೋರಲ್ಲ ಅಂತ." ಎದ್ದು ಹೋಗಿ ಅವನನ್ನು ಗಟ್ಟಿಯಾಗಿ ತಬ್ಬಿಕೊಂಡ. ಎಲ್ಡನ್ ಅವನ ಬೆನ್ನು ತಟ್ಟಿದ. ಆಮೇಲೆ ಕೋಲ್ಬಿ ತಟ್ಟೆ ಪೂರ್ತಿ ಖಾಲಿ ಮಾಡಿ, ನನ್ನ ಕೆನ್ನೆಗೆ ಮುತ್ತಿಟ್ಟು ಹೊರಟುಹೋದ.

ಕಾರು ತಿರುವು ದಾಟಿದ ಮೇಲೆ ಎಲ್ಡನ್ ಮೆಲ್ಲಗೆ, "ನನ್ನ ಉಳಿಸ್ಬಿಟ್ಟೆ ಕಣೇ," ಎಂದ.

ನಾನು ತಟ್ಟೆ ತೊಳೆಯುತ್ತಿದ್ದಾಗ ಫೋನ್ ಬಂತು. ಲೊರೇಟಾ. ಮಗ ಹೊರಟನೇ, ತಿಂಡಿ ತಿಂದನೇ ಎಂದು ಕೇಳಿದಳು. ಆಮೇಲೆ, "ಎಲ್ಡನ್ ಅವ್ರು ಇದಾರಾ? ಒಂದು ಥ್ಯಾಂಕ್ಸ್ ಹೇಳ್ಬೇಕಿತ್ತು. ಆಟ ನೋಡೋಕೆ ಆಗ್ದಿದ್ರೂ ಮಗನ ಜೊತೆ ಮಂಜುಗಡ್ಡೆ ಮೇಲೆ ನಡೆದೆ. ಅವತ್ತು ಅವ್ರು ಅಷ್ಟು ಗಟ್ಟಿಯಾಗಿ ಬನ್ನಿ ಅನ್ದೇ ಇದ್ದಿದ್ರೆ ನಾನು ಬರ್ತಾನೇ ಇರ್ಲಿಲ್ಲ," ಎಂದಳು.

ಒದ್ದೆ ಕೈಯಲ್ಲೇ ಫೋನನ್ನು ಎಲ್ಡನ್ ಕಡೆ ಚಾಚಿದೆ. ಅವನು ಬೇಡ ಬೇಡ ಎಂದು ತಲೆಯಾಡಿಸಿದ. ನಾನು ಕೈ ಹಿಂದಕ್ಕೆ ತೆಗೆಯಲಿಲ್ಲ.

"ಇದಾನೆ ಲೊರೇಟಾ," ಎಂದೆ. "ಇಲ್ಲೇ ಇದಾನೆ. ನೀವೇ ಹೇಳಿ."