ಕುಸ್ತಿ ಇಲ್ಲದ ಕುಸ್ತಿ ಸೂಟಿ

ಪಂಚಾಯಿತಿಯ ಬಾಗಿಲಿಗೆ ಬೀಗ ಜಡಿದಿತ್ತು. ಬೀಗದ ಮೇಲ್ಗಡೆ ಅಂಟಿಸಿದ್ದ ಹಾಳೆಯನ್ನು ಲಕ್ಷ್ಮಿಬಾಯಿ ಒಂದು ಸಲ ಓದಿ, ನಂಬಿಕೆ ಬರದೆ ಇನ್ನೊಂದು ಸಲ ಓದಿದಳು. ಕೊರೊನಾ ಕಾರಣದಿಂದ ಈ ವರ್ಷದ ಕುಸ್ತಿ ಮೈದಾನ ರದ್ದಾಗಿದೆ, ಆದರೆ ಪದ್ಧತಿಯಂತೆ ಮಂಗಳವಾರ ಊರಿಗೆಲ್ಲ ಕುಸ್ತಿ ಸೂಟಿ ಇರುತ್ತದೆ, ಪಂಚಾಯಿತಿ ಕಚೇರಿ, ಹಿಟ್ಟಿನ ಗಿರಣಿ, ಕಿರಾಣಿ ಅಂಗಡಿ ಯಾವುದೂ ತೆರೆಯುವುದಿಲ್ಲ ಎಂದು ಅದರಲ್ಲಿತ್ತು.

ಅವಳಿಗೆ ನಗಬೇಕೋ ಬೈಯಬೇಕೋ ತಿಳಿಯಲಿಲ್ಲ. ತಿಂಗಳಾಗುತ್ತ ಬಂತು, ಊರಿಗೆ ಊರೇ ಮನೆಯಲ್ಲಿ ಕೂತಿದೆ. ಬೆಳಿಗ್ಗೆ ಆರರಿಂದ ಹತ್ತರವರೆಗೆ ಅಂಗಡಿ, ಆಮೇಲೆ ಬೀದಿಯಲ್ಲಿ ಕಾಣುವುದು ನಾಯಿಗಳು, ಇಲ್ಲದಿದ್ದರೆ ಪೊಲೀಸರು. ಮಕ್ಕಳಿಗೆ ಶಾಲೆಯಿಲ್ಲ, ದೊಡ್ಡವರಿಗೆ ದುಡಿಮೆಯಿಲ್ಲ. ಕೂತು ಕೂತು ಬೆನ್ನು ನೋಯಿಸಿಕೊಂಡವರಿಗೆ ಮೇಲಿಂದ ಒಂದು ಸೂಟಿ ಕೊಡುವ ಬುದ್ಧಿ ಯಾವ ಪುಣ್ಯಾತ್ಮನಿಗೆ ಬಂತು? ಉಂಡು ಕೈ ತೊಳೆದವನ ಮುಂದೆ ಮತ್ತೆ ತಾಟು ತಂದಿಟ್ಟ ಹಾಗಾಯಿತು ಇದು.

ಬೇರೆ ದಿನವಾಗಿದ್ದರೆ ಆ ಹಾಳೆಗೆ ಮನಸಾರೆ ಬೈದು ಮನೆಗೆ ಹೋಗಿಬಿಡುತ್ತಿದ್ದಳು. ಇಂದು ಹಾಗೆ ಹೋಗುವಂತಿರಲಿಲ್ಲ. ಗಂಡ ಜಿನ್ನಪ್ಪನ ಎರಡೂ ಕಿಡ್ನಿ ಕೈಕೊಟ್ಟು ಹನ್ನೊಂದು ತಿಂಗಳಾಗಿತ್ತು. ವಾರಕ್ಕೆ ಎರಡು ದಿನ, ಬುಧವಾರ ಮತ್ತು ಶನಿವಾರ, ಮಿರಜಿನ ದವಾಖಾನೆಗೆ ಕರೆದೊಯ್ದು ಮಷಿನ್ನಿಗೆ ಹಚ್ಚಿಸಿ ರಕ್ತ ತೊಳೆಸಬೇಕು. ಮಿರಜ ಹತ್ತಿರವೇ, ಆದರೆ ಅದು ಮಹಾರಾಷ್ಟ್ರ. ಲಾಕ್‌ಡೌನ್ ಬಂದಾಗಿನಿಂದ ಗಡಿಯ ನಾಕಾದಲ್ಲಿ ಪಂಚಾಯಿತಿಯ ಪಾಸು ತೋರಿಸದೆ ಗಾಡಿ ಮುಂದಕ್ಕೆ ಬಿಡುತ್ತಿರಲಿಲ್ಲ. ಆ ಪಾಸಿಗೆ ಎಂಟು ದಿನದ ಆಯುಷ್ಯ, ಅದು ಇಂದಿಗೆ ತೀರುತ್ತಿತ್ತು. ಸಹಿ ಹಾಕಬೇಕಾದ ಪಿಡಿಒ ಸಾಹೇಬರಿಗೆ ಎರಡು ಊರಿನ ಉಸಾಬರಿ. ಈ ಊರಿಗೆ ಅವರು ಬರುವುದು ಮಂಗಳವಾರ ಮಾತ್ರ. ಇಂದು ಸಹಿ ಸಿಗಲಿಲ್ಲವೆಂದರೆ ನಾಳೆ ಮಿರಜ ಇಲ್ಲ.

ಹೋದ ತಿಂಗಳು ಗಾಡಿ ಸಿಗದೆ ಒಂದು ಸರದಿ ತಪ್ಪಿದ್ದಕ್ಕೇ ಜಿನ್ನಪ್ಪ ಮಲಗಲಾಗದೆ ಗೋಡೆಗೆ ಒರಗಿ ಕೂತು ಉಸಿರಿಗಾಗಿ ಒದ್ದಾಡಿದ್ದ. ಇನ್ನೊಂದು ಸಲ ತಪ್ಪಿಸಿದರೆ ನೀರು ಎದೆಗೇರುತ್ತದೆ, ಆಮೇಲೆ ನಮ್ಮನ್ನು ಕೇಳಬೇಡಿ ಎಂದು ಡಾಕ್ಟರು ಕಡ್ಡಿ ಮುರಿದಂತೆ ಹೇಳಿದ್ದರು. ಆ ಮಾತು ಅವಳ ಕಿವಿ ಬಿಟ್ಟು ಹೋಗಿರಲಿಲ್ಲ.

ಪಂಚಾಯಿತಿಯ ಸಿಪಾಯಿ ಬೀರದೇವನ ಮನೆ ಎದುರಿಗೇ ಇತ್ತು. ಕಟ್ಟೆಯ ಮೇಲೆ ಕೂತಿದ್ದವನು ಅವಳನ್ನು ಕಂಡು ಎದ್ದು ನಿಂತು, ಗದ್ದಕ್ಕೆ ಇಳಿಸಿಕೊಂಡಿದ್ದ ಮಾಸ್ಕನ್ನು ಮೂಗಿಗೆ ಏರಿಸಿದ. ಕುಸ್ತಿ ಕಲಿಸುವ ವಸ್ತಾದನಾಗಿದ್ದ ಜಿನ್ನಪ್ಪನ ತಾಲೀಮಿನಲ್ಲಿ ಹತ್ತು ವರ್ಷ ಮಣ್ಣು ಹೊತ್ತು, ಸಾಮು ಮಾಡಿ ಬೆಳೆದವನು ಅವನು. ಕೀಲಿ ಏನೋ ತನ್ನ ಬಳಿಯೇ ಇದೆ ಎಂದ. ಆದರೆ ಸಾಹೇಬರು ಬಂದಿಲ್ಲ, ಸೂಟಿ ಎಂದು ತಿಳಿದು ಅವರು ಆ ಇನ್ನೊಂದು ಊರಿಗೆ ಹೋಗಿ ಕೂತಿದ್ದಾರೆ ಎಂದು ಹೇಳಿ, ಅವನೇ ಫೋನು ಹಚ್ಚಿಕೊಟ್ಟ.

ಸಾಹೇಬರು ಒಳ್ಳೆಯ ಮನುಷ್ಯರು. ಅದೇ ತೊಂದರೆ. ಬೈದವರ ಜೊತೆ ಜಗಳವಾಡಬಹುದು, ಒಳ್ಳೆಯ ಮಾತಾಡುವವರ ಜೊತೆ ಏನು ಮಾಡುವುದು? ಬೈಕಿನ ಮೇಲೆ ಅರ್ಧ ತಾಸಿನಲ್ಲಿ ಬಂದು ಸಹಿ ಹಾಕುತ್ತೇನಮ್ಮಾ ಎಂದರು. ಆದರೆ ನಾನು ಪರಸ್ಥಳದವನು, ಹೋದ ವರ್ಷ ಈ ದಿನ ಗಿರಣಿ ತೆರೆದವನ ಮೇಲೆ ಹುಡುಗರು ಏರಿ ಹೋಗಿದ್ದು ನನಗೆ ಗೊತ್ತಿದೆ, ಅಧ್ಯಕ್ಷರು ಒಂದು ಮಾತು ಹೇಳಲಿ, ಹೊರಟೇಬಿಡುತ್ತೇನೆ ಎಂದರು.

ಅಧ್ಯಕ್ಷರೆಂದರೆ ಮಾಯಾ. ಹಾಗಂತ ಕಾಗದದಲ್ಲಿದೆ. ಅಧ್ಯಕ್ಷಗಿರಿ ಮಾಡುವವನು ಅವಳ ಗಂಡ ಅಣ್ಣಾಸಾಬ. ಲಕ್ಷ್ಮಿಬಾಯಿ ಹೋದಾಗ ಆತ ಗಾದಿಯ ಮೇಲೆ ಉದ್ದಕ್ಕೆ ಮಲಗಿ, ಯಾವುದೋ ಹಳೆಯ ಕ್ರಿಕೆಟ್ ಮ್ಯಾಚನ್ನು, ಯಾರು ಗೆದ್ದರೆಂದು ಗೊತ್ತಿದ್ದೂ, ಕಣ್ಣು ಬಿಟ್ಟುಕೊಂಡು ನೋಡುತ್ತಿದ್ದ. ಎದ್ದು ಕೂತು ಬರ್ರಿ ವೈನಿ ಎಂದು ಕರೆದ, ಮಾಯಾಗೆ ಚಹಾ ಇಡಲು ಹೇಳಿದ, ಎಲ್ಲವನ್ನೂ ಕೇಳಿಸಿಕೊಂಡ. ಕೇಳಿಸಿಕೊಂಡು ಭಾಷಣ ಶುರು ಮಾಡಿದ. ಜನರ ಧೈರ್ಯ ಕುಸಿದಿದೆಯಂತೆ. ಹಲಗೆಯ ಬಡಿತ ಇಲ್ಲ, ಕೆಂಪು ಮಣ್ಣು ಇಲ್ಲ, ಪೈಲ್ವಾನರು ಇಲ್ಲ. ಇಂಥದರಲ್ಲಿ ಸೂಟಿಯನ್ನೂ ಕಿತ್ತುಕೊಂಡರೆ ಊರಿಗೆ ಊರೆನ್ನುವ ಗುರುತೇ ಉಳಿಯುವುದಿಲ್ಲವಂತೆ.

“ಸೂಟಿ ಕೊಡೂದು ಕುಸ್ತಿ ನೋಡಾಕ,” ಎಂದಳು ಲಕ್ಷ್ಮಿಬಾಯಿ. “ಕುಸ್ತಿನ ಇಲ್ಲಂದ್ರ ಈ ಸೂಟ್ಯಾಗ ಜನಾ ಏನ್ ನೋಡಬೇಕ್ರಿ? ಮುಚ್ಚಿದ್ದ ಬಾಗ್ಲಾ?”

ಅಣ್ಣಾಸಾಬ ಮುಖ ಕೆಳಗೆ ಹಾಕಿದ. ತಾನೊಬ್ಬನೇ ಮುರಿಯಲಾಗುವುದಿಲ್ಲ, ಕುಸ್ತಿ ಕಮಿಟಿಯ ಅರ್ಜಿ ಬಂದಿತ್ತು, ಅದರ ಮೇಲೇ ಸೂಟಿ ಕೊಟ್ಟದ್ದು, ಕಮಿಟಿ ಬೇಡವೆಂದರೆ ತನ್ನದೇನೂ ತಕರಾರಿಲ್ಲ ಎಂದು ಗೊಣಗಿದ. ಚಹಾ ತಂದ ಮಾಯಾ ಒಳಗೆ ಹೋಗಿ ಅರ್ಜಿಯನ್ನೂ ತಂದು ಲಕ್ಷ್ಮಿಬಾಯಿಯ ಕೈಗಿಟ್ಟಳು.

ಕೆಳಗೆ ಒಂದೇ ಸಹಿ ಇತ್ತು. ಬೇನೆಯಿಂದ ಬಲಗುಂದಿದ ಕೈಯ, ಸಾಲು ಬಿಟ್ಟು ಕೆಳಗೆ ಜಾರಿದ ಸಹಿ. ಜಿನ್ನಪ್ಪ, ಅಧ್ಯಕ್ಷರು, ಕುಸ್ತಿ ಕಮಿಟಿ.

ಅವಳು ಚಹಾ ಕುಡಿಯಲಿಲ್ಲ. ಎಂಟು ದಿನದ ಹಿಂದೆ ಕಮಿಟಿಯವರು ಈ ಹಾಳೆ ತಂದಾಗ ಪೆನ್ನು ಹುಡುಕಿ ಕೊಟ್ಟವಳು ಅವಳೇ. ಕುಸ್ತಿ ರದ್ದು ಮಾಡುವ ಕಾಗದವೆಂದು ತಿಳಿದಿದ್ದಳು. ಬೆಳಗಿನಿಂದ ಬಿಸಿಲಲ್ಲಿ ಮನೆ ಮನೆ ಅಲೆದು, ಕಂಡವರನ್ನೆಲ್ಲ ಮನಸ್ಸಿನಲ್ಲಿ ಶಪಿಸಿ, ಕೊನೆಗೆ ತಲುಪಿದ್ದು ತನ್ನ ಮನೆಯ ಪಡಸಾಲೆಗೆ. ಅವಳಿಗೆ ಎಲ್ಲಿಲ್ಲದ ಸಿಟ್ಟು ಬಂತು.

ಈ ಸೂಟಿ ಹುಟ್ಟಿದ್ದೇ ಜಿನ್ನಪ್ಪನಿಂದ. ಮೂವತ್ತೆರಡು ವರ್ಷದ ಹಿಂದೆ, ಬಸವ ಜಯಂತಿ ಮುಗಿದ ಎರಡನೇ ಮಂಗಳವಾರ ನಡೆಯುತ್ತಿದ್ದ ಕುಸ್ತಿಯನ್ನು ನೋಡುವ ಯೋಗ ಇದ್ದದ್ದು ಹೊಲದ ಒಡೆಯರಿಗೆ ಮಾತ್ರ. ಆಳುಗಳು ಕಬ್ಬಿನ ಗದ್ದೆಯಲ್ಲಿ ಬಗ್ಗಿ ನಿಂತು ದೂರದಿಂದ ಹಲಗೆಯ ಸದ್ದು ಕೇಳುತ್ತಿದ್ದರು. ಆ ವರ್ಷ ಗೆದ್ದ ಜಿನ್ನಪ್ಪ ಬಹುಮಾನದ ಕಡಗ ಮುಟ್ಟದೆ, ಬರುವ ವರ್ಷ ಆಳುಮಕ್ಕಳಿಗೂ ಸೂಟಿ ಕೊಡುತ್ತೇವೆಂದು ಹಿರಿಯರು ಮಾತು ಕೊಡಲಿ, ಅಲ್ಲಿಯವರೆಗೆ ಕಣ ಬಿಟ್ಟು ಏಳುವುದಿಲ್ಲ ಎಂದು ಕೂತುಬಿಟ್ಟಿದ್ದ. ಒಳ್ಳೆಯ ಕೆಲಸವೇ. ಅದನ್ನು ಲಕ್ಷ್ಮಿಬಾಯಿ ಅಲ್ಲಗಳೆಯುವವಳಲ್ಲ. ಆದರೆ ಹಟಕ್ಕೂ ಒಂದು ಹೊತ್ತು ಗೊತ್ತು ಬೇಡವೇ?

ಅವಳು ಮನೆ ಹೊಕ್ಕಾಗ ಜಿನ್ನಪ್ಪ ಮಂಚದ ಮೇಲೆ ಕೂತಿದ್ದ. ಬಿಳಿ ಅಂಗಿ ತೊಟ್ಟು, ತಲೆಗೆ ಪಟಕಾ ಸುತ್ತಿಕೊಂಡಿದ್ದ. ಕಾಲುಗಳು ಊದಿ ಪಾದಕ್ಕೆ ಚಪ್ಪಲಿ ಹಿಡಿಯುವಂತಿರಲಿಲ್ಲ. ಪಾಸು ಸಿಕ್ಕಿತೇ ಎಂದು ಅವನು ಕೇಳಲಿಲ್ಲ. ಅವನು ಕೇಳದೆ ಇದ್ದದ್ದು ಅವಳನ್ನು ಇನ್ನಷ್ಟು ಉರಿಸಿತು.

“ಆ ಹಾಳಿಗಿ ಸಹಿ ಮಾಡುವಾಗ ಇವತ್ತ ಸಾಹೇಬ್ರು ಬರೂ ಮಂಗಳವಾರ ಅಂತ ನಿಮಗ ಗೊತ್ತಿತ್ತೋ ಇಲ್ಲೊ?”

“ಗೊತ್ತಿತ್ತು.”

“ನಾಳೆ ಮಿರಜಿಗಿ ಹೋಗೂದು ಐತಿ ಅಂತ?”

“ಅದೂ ಗೊತ್ತಿತ್ತು.”

ಮರೆತೆ ಎನ್ನುತ್ತಾನೆ, ಆಗ ಏನೇನು ಹೇಳಬೇಕು ಎಂದು ಅವಳು ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದಿದ್ದಳು. ಅದೆಲ್ಲ ಅಲ್ಲೇ ಉಳಿಯಿತು. ಜಿನ್ನಪ್ಪ ತನ್ನ ಎಡಗೈಯನ್ನು, ಸೂಜಿಯ ಗಾಯಗಳಿದ್ದ ಕೈಯನ್ನು, ಇನ್ನೊಂದು ಕೈಯಿಂದ ಸವರಿಕೊಳ್ಳುತ್ತ ಕೂತ. ಆಮೇಲೆ ಅವಳ ಕಡೆ ನೋಡದೆ ಹೇಳಿದ.

“ಹನ್ನೊಂದ ತಿಂಗಳಾತು. ಬುಧವಾರ, ಶನಿವಾರ. ಮತ್ತ ಬುಧವಾರ, ಮತ್ತ ಶನಿವಾರ. ಇದೊಂದ ವಾರ ಯಾರೂ ನನ್ನ ಎಬ್ಬಿಸಿ ಗಾಡ್ಯಾಗ ಹಾಕಬಾರದು, ಯಾರೂ ಚುಚ್ಚಬಾರದು ಅನ್ನಿಸ್ತು. ಊರಿಗೆಲ್ಲಾ ಸೂಟಿ ಕೊಡಿಸಿದಾಂವ ನಾ. ನನಗೂ ಒಂದ ಸೂಟಿ ಬೇಕಾಗಿತ್ತು.”

ಅವನ ದಣಿವು ಲಕ್ಷ್ಮಿಬಾಯಿಗೆ ತಿಳಿಯದ್ದೇನಲ್ಲ. ಆದರೆ ಸಿಟ್ಟು ಇಳಿಯಲಿಲ್ಲ. ಒಂದು ಸರದಿ ತಪ್ಪಿದರೆ ಏನಾಗುತ್ತದೆಂದು ಅವಳಿಗಿಂತ ಚೆನ್ನಾಗಿ ಅವನಿಗೆ ಗೊತ್ತು. ಗೊತ್ತಿದ್ದೂ, ಅವಳಿಗೊಂದು ಮಾತು ಹೇಳದೆ, ಅವಳೇ ಕೊಟ್ಟ ಪೆನ್ನಿನಿಂದ ಸಹಿ ಹಾಕಿ ಕೂತಿದ್ದಾನೆ. ಅವಳು ಮಂಚದ ಎದುರು ನೆಲದ ಮೇಲೆ ಕೂತಳು. ದನಿ ಏರಿಸಲಿಲ್ಲ.

“ನೀವು ಸೂಟಿ ಕೊಡಿಸಿದ್ದ ಇಷ್ಟ ವರ್ಷ, ಆ ದಿನಾ ನಾ ಎಲ್ಲಿರತಿದ್ದೆ ಗೊತ್ತೈತೇನ್ರಿ? ಒಲಿ ಮುಂದ. ಪರಊರಿಂದ ಬಂದ ನಲವತ್ತ ಪೈಲ್ವಾನರಿಗೆ ರೊಟ್ಟಿ ಬಡದೀನಿ. ಒಂದ ಕುಸ್ತಿ ಕಣ್ಣಿಲೆ ಕಂಡಿಲ್ಲ. ಹನ್ನೊಂದ ತಿಂಗಳಾತು, ನಿಮ್ಮ ಉಸಿರ ಎಣಿಸಿಕೋತ ಕುಂದರಾಕತ್ತೀನಿ. ನಿಮಗ ಬುಧವಾರ, ಶನಿವಾರ. ನನಗ ಏಳೂ ದಿನ. ನನಗ ಯಾವ ಕಮಿಟಿ ಸೂಟಿ ಕೊಡತೈತ್ರಿ?”

ಜಿನ್ನಪ್ಪ ಅವಳನ್ನು ನೋಡಿದ. ಮಾಸ್ಕಿನ ಬದಲು ಮೂಗಿಗೆ ಕಟ್ಟಿಕೊಂಡಿದ್ದ ಸೆರಗು ಬೆವರಿನಿಂದ ತೊಯ್ದಿತ್ತು. ಅದನ್ನು ಬಿಚ್ಚುವುದನ್ನೂ ಅವಳು ಮರೆತಿದ್ದಳು. ಅವನು ಫೋನಿಗಾಗಿ ಕೈ ಚಾಚಿದ. ಬೀರದೇವನಿಗೆ ಹಚ್ಚಿ, ಪಂಚಾಯಿತಿ ಬಾಗಿಲು ತೆಗೆ, ಸಾಹೇಬರನ್ನು ಕರೆಸು, ನಾನು ಹೇಳಿದೆನೆಂದು ಅಣ್ಣಾಸಾಬನಿಗೂ ತಿಳಿಸು ಎಂದ. ಬೀರದೇವ ಆಚೆಯಿಂದ ತಡವರಿಸುವುದು ಲಕ್ಷ್ಮಿಬಾಯಿಗೂ ಕೇಳಿಸಿತು. ಎಂದೂ ಮುರಿಯದ ಸೂಟಿ ಮುರಿದರೆ ಜನ ಕೇಳುತ್ತಾರೆ, ಏನು ಹೇಳಲಿ ವಸ್ತಾದರೇ ಎನ್ನುತ್ತಿದ್ದ.

“ವಸ್ತಾದನ ಮನ್ಯಾಗ ಒಬ್ಬಾಕಿಗಿ ಇನ್ನೂ ಸೂಟಿ ಸಿಕ್ಕಿಲ್ಲಂತ ಹೇಳು,” ಎಂದ ಜಿನ್ನಪ್ಪ. “ಆಕಿಗಿ ಸಿಗೂ ಮಟಾ ಊರಿಗೂ ಇಲ್ಲಂತ ಹೇಳು.”

ಫೋನು ಕೆಳಗಿಟ್ಟು ಅವನು ಗೋಡೆಯ ಕಡೆ ಮುಖ ಮಾಡಿದ. ಲಕ್ಷ್ಮಿಬಾಯಿ ಎದ್ದು ದೇವರ ಗೂಡಿನಲ್ಲಿಟ್ಟಿದ್ದ ಹಳೆಯ ಪಾಸನ್ನು ತೆಗೆದುಕೊಂಡಳು. ಗೆದ್ದೆ ಎಂದು ಅವಳಿಗೆ ಅನ್ನಿಸಲಿಲ್ಲ. ಹೊಸ್ತಿಲು ದಾಟುವಾಗ, ತನಗೆ ಸೂಟಿ ಸಿಗುವುದು ಎಣಿಸಲು ಆ ಉಸಿರು ಉಳಿಯದ ದಿನವೇ ಎಂದು ಅವಳಿಗೆ ಹೊಳೆಯಿತು. ಆ ಸೂಟಿ ಅವಳಿಗೆ ಬೇಕಾಗಿರಲಿಲ್ಲ. ಸೆರಗನ್ನು ಮೂಗಿಗೆ ಬಿಗಿದು ಕಟ್ಟಿಕೊಂಡು, ಪಂಚಾಯಿತಿಯ ಕಡೆ ಬಿರಬಿರನೆ ನಡೆದಳು.