ಸೌದಾಮಿನಿ ಟೀಚರ್ ತಂದ ಇಂಗ್ಲಿಷ್

ಸೌದಾಮಿನಿ ಟೀಚರೆಂದರೆ ನನಗೆ ಪ್ರಾಣ. ಗಡಿನಾಡು ವರ್ಕಾಡಿ ಕಡೆಯ ನಮ್ಮ ಕನ್ನಡ ಮಾಧ್ಯಮದ ಶಾಲೆಗೆ ಕನ್ನಡ ಬಾರದ, ಮಲಯಾಳ ಮಾತ್ರ ಬರುವ ಗಣಿತ ಮಾಸ್ಟ್ರನ್ನು ಹಾಕಿದಾಗ, ಗೇಟಿನ ಮುಂದೆ ಬಿಸಿಲಲ್ಲಿ ನಮ್ಮ ಜೊತೆ ಧರಣಿ ಕೂತ ಟೀಚರ್ ಅವರೊಬ್ಬರೇ. ಅರ್ಥವಾಗದ ಪಾಠ ಬೇಡ ಎಂದು ಬರೆದ ಬೋರ್ಡನ್ನು ನನ್ನ ಕೈಗೆ ಕೊಟ್ಟವರೂ ಅವರೇ.

ಹಾಗಾಗಿ ೨೦೧೮ರಲ್ಲಿ, ನಾನು ಹತ್ತನೆಯಲ್ಲಿದ್ದಾಗ, "ನಮಿತಾ, ಆನ್‌ಲೈನಲ್ಲಿ ಇಂಗ್ಲಿಷ್ ಕ್ಲಾಸ್ ಬರ್ತದೆ. ಇನ್ನು ಪ್ಲಸ್ ವನ್ನಿಗೆ ಹೆದರ್ಲಿಕ್ಕಿಲ್ಲ" ಎಂದು ಅವರು ಹೇಳಿದಾಗ ಕುಣಿದುಬಿಟ್ಟೆ. ಪ್ಲಸ್ ವನ್ ಅಂದರೆ ಹನ್ನೊಂದನೇ ಕ್ಲಾಸು, ಅಲ್ಲಿ ಎಲ್ಲವೂ ಇಂಗ್ಲಿಷ್. ನನ್ನಣ್ಣ ವಿಜೇತ್ ಅಲ್ಲಿ ಏನೂ ತಲೆಗೆ ಹೋಗದೆ ಓಣಂ ರಜೆ ಮುಗಿದ ಮೇಲೆ ಆ ಕಡೆ ತಲೆಹಾಕಲಿಲ್ಲ. ನನಗೆ ಆ ಗತಿ ಬರಬಾರದು, ಅಷ್ಟೇ.

ನಾವು ಸಿದ್ಧರಿದ್ದೇವೆಯೇ ಎಂದು ನೋಡಲು ಒಬ್ಬ ಆಫೀಸರು ಬರುವವರಿದ್ದರು. ಟೀಚರ್ ನಮ್ಮಿಂದ ಕಂಪ್ಯೂಟರ್ ಕೋಣೆ ಸ್ವಚ್ಛ ಮಾಡಿಸಿದರು, ಹೆಡ್‌ಫೋನ್ ಹಾಕಲು ಕಲಿಸಿದರು. ಕೊನೆಗೆ ನನ್ನನ್ನು ಪಕ್ಕಕ್ಕೆ ಕರೆದು, "ಅವರು ಮಲಯಾಳದಲ್ಲಿ ಎಂತ ಕೇಳಿದ್ರೂ ‘ಅದೆ ಸಾರ್’ ಹೇಳು. ಹೌದು ಅಂತ ಅರ್ಥ. ನಗ್ತಾ ಹೇಳು, ಆಯ್ತಾ?" ಎಂದರು.

ದೊಡ್ಡವರಿಗೆ ಮರ್ಯಾದೆ ಕೊಡುವ ಕ್ರಮ ಎಂದುಕೊಂಡೆ. ಮನೆಯಲ್ಲಿ ತುಳು, ಶಾಲೆಯಲ್ಲಿ ಕನ್ನಡ. ಮಲಯಾಳವನ್ನು ನಾನು ಬಸ್ಸಿನ ಬೋರ್ಡಿನಲ್ಲಿ ಕಂಡದ್ದೇ ಹೆಚ್ಚು. ಆಫೀಸರು ಉದ್ದಕ್ಕೆ ಏನೋ ಕೇಳಿದರು. ಹಲ್ಲು ಕಿಸಿದು "ಅದೆ ಸಾರ್" ಎಂದೆ. ಅವರಿಗೆ ಖುಷಿಯಾಯಿತು.

ಕ್ಲಾಸು ಶುರುವಾಯಿತು. ಪರದೆಯ ಮೇಲಿನ ಮೇಡಂ ಒಂದು ಇಂಗ್ಲಿಷ್ ವಾಕ್ಯ ಹೇಳಿ, ಎಷ್ಟೋ ಹೊತ್ತು ಅದನ್ನು ಮಲಯಾಳದಲ್ಲಿ ವಿವರಿಸಿದರು. ಮರುವಾರವೂ ಅದೇ. ಪಕ್ಕದಲ್ಲಿ ಮೋಕ್ಷಿತಾ ತೂಕಡಿಸುತ್ತಿದ್ದಳು. ನನಗೆ ನಿದ್ದೆಯೂ ಬರಲಿಲ್ಲ, ಬರೀ ಸಿಟ್ಟು ಬಂತು.

ಸ್ಟಾಫ್‌ರೂಮಿಗೆ ಹೋದೆ. "ಟೀಚರ್, ಕನ್ನಡದಲ್ಲಿ ಹೇಳಿಕೊಡುವವರು ಯಾವಾಗ ಬರ್ತಾರೆ?"

"ಬರುವುದಿಲ್ಲ," ಎಂದರು ಟೀಚರ್, ಚಾಯದ ಲೋಟದಿಂದ ಕಣ್ಣೆತ್ತದೆ. "ಮಲಯಾಳದಲ್ಲಿ ವಿವರಿಸಿದ್ರೆ ಸಾಕಲ್ವಾ ಅಂತ ಆ ದಿನ ಅವರು ಕೇಳಿದ್ದು. ನೀನು ಹೌದು ಅಂದೆ."

ನಂಬಿಸಿ ಕತ್ತು ಕೊಯ್ಯುವುದೆಂದರೆ ಇದೇ. ಬೇರೆ ಯಾರಾದರೂ ಮಾಡಿದ್ದರೆ ನಾಲ್ಕು ಬೈದು ಸುಮ್ಮನಾಗುತ್ತಿದ್ದೆ. ಮಾಡಿದವರು ಸೌದಾಮಿನಿ ಟೀಚರ್, ಅದೂ ನನ್ನ ಬಾಯಿಂದಲೇ.

"ಹೇಳಿಸಿದ್ದು ನೀವು, ಟೀಚರ್."

"ಕನ್ನಡದವರೇ ಬೇಕು ಅಂದಿದ್ರೆ ಕ್ಲಾಸು ಬೇರೆ ಶಾಲೆಗೆ ಹೋಗ್ತಿತ್ತು. ಎಂತದೂ ಇಲ್ಲದ್ದಕ್ಕಿಂತ ಇದಾದ್ರೂ ಉಂಟಲ್ಲ ಮಗಾ?"

ಮಗಾ ಎಂದದ್ದಕ್ಕೇ ನನಗೆ ಅಳು ಬಂತು.

"ಇಲ್ಲದಿದ್ರೆ, ನಮಗೆ ಇಲ್ಲ ಅಂತ ಎಲ್ಲಿಯಾದ್ರೂ ಹೋಗಿ ಕೇಳ್ಬಹುದಿತ್ತು ಟೀಚರ್. ಈಗ ಉಂಟು ಅಂತ ಆಯ್ತಲ್ಲ, ಇನ್ನು ಯಾರ ಹತ್ರ ಕೇಳುವುದು?"