ಮರದ ಸುತ್ತ ಬಿಳಿ ಅಂಚು

"ರೀ, ಈ ಫೋಟೋದ ಆಕಾಶ ಮಾತ್ರ ನೀವೇ ಗಾಢ ಮಾಡ್ಕೊಡಿ. ನಿಮ್ಮ ಕೈ ನಂಗೆ ಬರಲ್ಲ," ಎಂದು ಸುಮಾ ಕಂಪ್ಯೂಟರಿನ ಮುಂದಿನಿಂದ ಎದ್ದಳು.

"ಬರಲ್ಲ ಅನ್ನೋರ ಫೋಟೋನೇ ಕಣೇ ಸೆಲೆಕ್ಟ್ ಆಗೋದು," ಎಂದು ನಾಗೇಂದ್ರ ನಕ್ಕ. ತುಟಿ ನಕ್ಕಿತು ಅಷ್ಟೇ.

ಫೋಟೋ ಕ್ಲಬ್ಬಿನ ಸ್ಪರ್ಧೆಗೆ ಗಂಡ ಹೆಂಡತಿ ಇಬ್ಬರೂ ಕಳಿಸಿದ್ದರು. ಇಬ್ಬರದೂ ಮಲ್ಲತ್ತಹಳ್ಳಿ ಕೆರೆಯೇ, ಒಂದೇ ಬೆಳಗ್ಗೆ ತೆಗೆದದ್ದು. ಅವನದು ಮೊದಲ ಸುತ್ತಿನಲ್ಲೇ ಬಿದ್ದುಹೋಯಿತು. ಅವಳು ತೆಗೆದ ಕೆರೆದಂಡೆಯ ಹೊಂಗೆಮರ ಕೊನೆಯ ಸುತ್ತಿಗೆ ಹೋಯಿತು. ದೊಡ್ಡದಾಗಿ ಪ್ರಿಂಟ್ ಹಾಕಿಸಬೇಕಿತ್ತು.

ಅವಳಿಗೆ ಕ್ಯಾಮೆರಾ ಹಿಡಿಯಲು ಕಲಿಸಿದವನೇ ಅವನು. ಮದುವೆಯಾದ ಹೊಸದರಲ್ಲಿ, ಗೋವಿಂದರಾಜನಗರದ ತನ್ನ ಸ್ಟುಡಿಯೋದ ಕತ್ತಲೆಕೋಣೆಯಲ್ಲಿ, ಕೆಂಪು ದೀಪದ ಕೆಳಗೆ ಅವಳ ಕೈ ಹಿಡಿದು ತೋರಿಸಿದ್ದ. ಕಾಗದದ ಮೇಲೆ ಬೆಳಕು ಬೀಳುವಾಗ ಮರಕ್ಕೆ ಅಂಗೈ ಅಡ್ಡ ಹಿಡಿದರೆ ಮರ ತಿಳಿಯಾಗುತ್ತದೆ. ಆಕಾಶಕ್ಕೆ ಇನ್ನಷ್ಟು ಬೆಳಕು ಬಿಟ್ಟರೆ ಮೋಡ ಗಾಢವಾಗುತ್ತದೆ. ಆದರೆ ತೊಟ್ಟಿಲು ತೂಗಿದ ಹಾಗೆ ಕೈ ಆಡುತ್ತಲೇ ಇರಬೇಕು. ನಿಂತರೆ ಅಂಚು ಮೂಡುತ್ತದೆ. ಕಂಪ್ಯೂಟರ್ ಬಂದ ಮೇಲೂ ಇಬ್ಬರೂ ಆ ಪದ್ಧತಿ ಬಿಟ್ಟಿರಲಿಲ್ಲ. ಪರದೆಯ ಮೇಲಿನ ಬ್ರಶ್ ತೆಳ್ಳಗಿಟ್ಟುಕೊಂಡು ಮತ್ತೆ ಮತ್ತೆ ಸವರುತ್ತಿದ್ದರು. ಈಗ ನೋಡಿದರೆ ಗುರುವಿಗೇ ತಿರುಮಂತ್ರ!

ಪರರ ಮೇಲೆ ಹೊಟ್ಟೆಕಿಚ್ಚಾದರೆ ಹೆಂಡತಿಯ ಮುಂದೆ ಬೈದು ಹಗುರಾಗಬಹುದು. ಹೆಂಡತಿಯ ಮೇಲೇ ಆದರೆ ಯಾರ ಮುಂದೆ ಹೇಳಿಕೊಳ್ಳುವುದು? ಮಾರೇನಹಳ್ಳಿಯ ಗೆಳೆಯ ಕಿಟ್ಟಿ "ಏನ್ ಗುರು, ಮೇಡಂ ನಿನ್ನೇ ಮೀರಿಸ್ಬಿಟ್ರು" ಎಂದಾಗಿನಿಂದ ಅವನಿಗೆ ಅನ್ನ ಸೇರುತ್ತಿರಲಿಲ್ಲ.

ಅಡುಗೆಮನೆಯಲ್ಲಿ ಒಗ್ಗರಣೆ ಚಟಪಟ ಎಂದಿತು. ನಾಗೇಂದ್ರ ಆಕಾಶವನ್ನು ಗಾಢ ಮಾಡುತ್ತಾ ಮಾಡುತ್ತಾ ಮರದ ಹತ್ತಿರ ಬಂದ. ಅಲ್ಲಿ ಕೈ ನಿಲ್ಲಿಸಿದ. ಕೊಂಬೆಗಳ ಸುತ್ತ ದಾರದಷ್ಟು ಬಿಳಿ ಅಂಚು ಉಳಿಯಿತು. ಚಿಕ್ಕದಾಗಿ ನೋಡಿದರೆ ಏನೂ ಕಾಣದು, ದೊಡ್ಡ ಪ್ರಿಂಟಿನಲ್ಲಿ ಕಣ್ಣಿಗೆ ಹೊಡೆಯುತ್ತದೆ. ಅದು ಅವನಿಗೆ ಚೆನ್ನಾಗಿಯೇ ಗೊತ್ತಿತ್ತು.

"ಆಯ್ತಾ? ನೋಡ್ಲಾ ಒಂದ್ಸಲ?" ಒಳಗಿನಿಂದ ಕೂಗಿದಳು.

"ಪ್ರಿಂಟಿಗೆ ಕಳಿಸ್ಬಿಟ್ಟೆ ಕಣೇ. ಯಾಕೆ, ನಂಬಿಕೆ ಇಲ್ವಾ?"

"ಅಯ್ಯೋ, ನಿಮ್ಮ ಕೈನ ನಂಬ್ದೆ ಇನ್ಯಾರ ಕೈ ನಂಬ್ಲಿ!"

ಭಾನುವಾರ ವಿಜಯನಗರದ ಹಾಲ್‌ನಲ್ಲಿ ಚಿತ್ರಗಳನ್ನು ತೂಗುಹಾಕಿದ್ದರು. ತೀರ್ಪುಗಾರರಾಗಿ ಬಂದಿದ್ದ ಹಿರಿಯ ಛಾಯಾಗ್ರಾಹಕ ಮುನಿವೆಂಕಟಪ್ಪ ಹೊಂಗೆಮರದ ಮುಂದೆ ನಿಂತು, ಕನ್ನಡಕ ಮೇಲೇರಿಸಿದರು.

"ಇದಕ್ಕೇ ಫಸ್ಟ್ ಕೊಡೋಣ ಅಂತಿದ್ದೆ ಕಣಮ್ಮ. ಮರದ ಸುತ್ತ ಯಾಕೆ ಹಿಂಗೆ? ಆಕಾಶ ಮಾಡಿದ್ದು ಯಾರು?"

ಸುಮಾ ಬಾಗಿ ನೋಡಿದಳು. ಕಲಿಯುವವರು ಮಾಡುವ ತಪ್ಪು. ನಾಗೇಂದ್ರನ ಕೈಯಿಂದ ಅವಳು ಕಂಡಂತೆ ಒಮ್ಮೆಯೂ ಆಗಿರಲಿಲ್ಲ. ತಿರುಗಿ ಅವನ ಮುಖ ನೋಡಿದಳು. ಅವನು ಪಕ್ಕದ ಗೋಡೆಯಲ್ಲಿದ್ದ ಯಾರದೋ ಬೆಟ್ಟವನ್ನು ನೋಡತೊಡಗಿದ.

"ನಾನೇ ಸಾರ್," ಎಂದಳು. "ಕೈ ನಿಂತ್ಬಿಡ್ತು."

ಬಹುಮಾನ ಬೇರೆಯವರ ಪಾಲಾಯಿತು. ನಾಗೇಂದ್ರನಿಗೆ ಬೇಕಾದದ್ದು ಆಗಿತ್ತು. ಆದರೆ ನಾಚಿಕೆಯಾಯಿತು. ಹೊರಗೆ ಬಂದು ಸ್ಕೂಟರ್ ಸ್ಟಾರ್ಟ್ ಮಾಡಿ, "ಸುಮಾ, ನಾನು..." ಎಂದ.

"ನಡೀರಿ, ಹೊತ್ತಾಯ್ತು."

ಯಾವತ್ತೂ ಅವನ ಭುಜ ಹಿಡಿದು ಕೂರುವವಳು, ಕೈ ಹಿಂದಕ್ಕೆ ಚಾಚಿ ಸೀಟಿನ ಕಂಬಿ ಹಿಡಿದುಕೊಂಡಳು.